ಲಿವೊರ್ನೊದಿಂದ ಸಾರ್ಡಿನಿಯಾಗೆ: ಕಾರನ್ನೇ ಹಡಗಿಗೆ ಹತ್ತಿಸೋದಾ, ವಿಮಾನ ಹತ್ತೋದಾ?

ಇಸಾರ್ ದಂಡೆ:
ನಮಸ್ಕಾರ ಎಲ್ಲರಿಗೂ. ಜೂನ್‌ನಲ್ಲಿ ಮೈಸೂರಿಂದ ಅಪ್ಪ, ಅಮ್ಮ ಮ್ಯೂನಿಕ್‌ಗೆ ಬರ್ತಿದ್ದಾರೆ. ಆಲ್ಪ್ಸ್, ಅರಮನೆ ಎಲ್ಲಾ ಹೋದ ಸಲವೇ ಆಗಿದೆ. ಈ ಸಲ ಸಮುದ್ರ ನೋಡ್ಬೇಕು ಅಂತ ಅಮ್ಮ ಪಟ್ಟು ಹಿಡಿದಿದ್ದಾರೆ. ಹಾಗಾಗಿ ಇಟಲಿಯ ಸಾರ್ಡಿನಿಯಾ ದ್ವೀಪ ಅಂತ ಮಾತಾಡ್ಕೊಂಡಿದ್ದೀವಿ. ಒಟ್ಟು ಐದು ಜನ, ಮಗಳಿಗೆ ಐದು ವರ್ಷ. ಕಾರು ಏಳು ಸೀಟಿನದು, ಮೇಲೆ ಲಗೇಜ್ ಪೆಟ್ಟಿಗೆ ಇದೆ. ಅಲ್ಲಿ ಹತ್ತು ಹನ್ನೆರಡು ದಿನ ಇರೋ ಅಂದಾಜು.

ಮ್ಯೂನಿಕ್‌ನಿಂದ ಇಟಲಿಯ ಲಿವೊರ್ನೊ ಬಂದರಿನವರೆಗೆ ಓಡಿಸ್ಕೊಂಡು ಹೋಗಿ, ಕಾರನ್ನೇ ಹಡಗಿಗೆ ಹತ್ತಿಸಿ, ದ್ವೀಪದ ಒಲ್ಬಿಯಾ ಬಂದರಲ್ಲಿ ಇಳಿಯೋದು ಅಂತ ನನ್ನ ಲೆಕ್ಕ. ಅಪ್ಪಂಗೆ ಇದು ಸುತರಾಂ ಇಷ್ಟ ಇಲ್ಲ. "ಹಡಗು ಅಂದ್ರೆ ವಾಂತಿ. ಕಾರು ಬೇರೆ ಅಲ್ಲಾಡಿ ಗೀಚಿಕೊಳ್ಳುತ್ತೆ. ವಿಮಾನ ಇರುವಾಗ ಯಾಕೆ ಬೇಕು ಈ ಉಸಾಬರಿ" ಅಂತಾರೆ. ಹೋಗಿ ಬಂದವರು ಇದ್ರೆ ದಯವಿಟ್ಟು ಹೇಳಿ. ಹಗಲು ಹಡಗು ಒಳ್ಳೇದಾ, ರಾತ್ರಿದಾ? ಕ್ಯಾಬಿನ್ ತಗೊಳ್ಳಲೇಬೇಕಾ? ವಯಸ್ಸಾದವರಿಗೆ ಹತ್ತಿ ಇಳಿಯೋದು ಕಷ್ಟ ಆಗುತ್ತಾ?

ಟೊರಿನೊ ಕನ್ನಡತಿ:
ನಿಮ್ಮ ತಂದೆಯವರಿಗೆ ಮೊದಲು ಒಂದು ಮಾತು ಹೇಳಿ. ಇಲ್ಲಿ ಇಟಲಿಯವರಿಗೆ ಇದು ಸಾಹಸವೇ ಅಲ್ಲ. ಬೇಸಿಗೆ ಬಂತು ಅಂದ್ರೆ ಅಜ್ಜಿ, ನಾಯಿ, ಸೈಕಲ್ಲು, ಗಾಳಿ ತುಂಬಿದ ದೋಣಿ ಎಲ್ಲಾ ಕಾರಿಗೆ ತುರುಕಿಕೊಂಡು ಹೊರಟೇ ಬಿಡ್ತಾರೆ.

ಉತ್ತರದಿಂದ ಬರೋರಿಗೆ ಮುಖ್ಯವಾಗಿ ಮೂರು ಬಂದರು. ಜಿನೋವಾದಿಂದ ಪೋರ್ತೊ ತೊರ್ರೆಸ್‌ಗೂ ಒಲ್ಬಿಯಾಗೂ ಹಡಗಿದೆ. ಲಿವೊರ್ನೊದಿಂದ ಒಲ್ಬಿಯಾ ಮತ್ತು ಗೊಲ್ಫೊ ಅರಾಂಚಿ. ರೋಮ್ ಹತ್ತಿರದ ಚಿವಿತಾವೆಕ್ಕಿಯಾದಿಂದ ಒಲ್ಬಿಯಾ, ಕಾಲ್ಯಾರಿ. ನೀವು ಆಸ್ಟ್ರಿಯಾ, ಇಟಲಿ ಗಡಿಯ ಬ್ರೆನ್ನರ್ ಕಣಿವೆ ದಾಟಿ ಬರೋದ್ರಿಂದ ಲಿವೊರ್ನೊನೇ ಸರಿ. ಮ್ಯೂನಿಕ್‌ನಿಂದ ಸುಮಾರು 700 ಕಿ.ಮೀ. ಆಗುತ್ತೆ. ಮೊದೆನಾವರೆಗೆ ಎ 22 ಹೆದ್ದಾರಿ, ಅಲ್ಲಿಂದ ಪಾರ್ಮಾ ಕಡೆ ಹೋಗಿ ಎ 15 ಹಿಡಿದು ಬೆಟ್ಟ ಇಳಿದ್ರೆ ಸಮುದ್ರ. ಫ್ಲಾರೆನ್ಸ್ ಮೇಲೆ ಬಂದ್ರೂ ಬರಬಹುದು. ಆದ್ರೆ ಬೊಲೋನ್ಯಾ, ಫ್ಲಾರೆನ್ಸ್ ಮಧ್ಯೆ ಲಾರಿಗಳ ಕಾಟ.

ವಯಸ್ಸಾದವರು, ಮಗು ಇದ್ರೆ ರಾತ್ರಿ ಹಡಗು, ಕ್ಯಾಬಿನ್ ಸಮೇತ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬೆಳಿಗ್ಗೆ ಮ್ಯೂನಿಕ್ ಬಿಟ್ಟು ಸಂಜೆ ಬಂದರು ತಲುಪಿ, ಊಟ ಮುಗಿಸಿ, ಹಡಗಲ್ಲಿ ಕಾಲು ಚಾಚಿ ಮಲಗಿದ್ರೆ ಬೆಳಗಾಗೋದ್ರಲ್ಲಿ ದ್ವೀಪ. ಕ್ಯಾಬಿನ್ ಅಂದ್ರೆ ಹೋಟೆಲ್ ರೂಮ್ ಅಂದ್ಕೋಬೇಡಿ. ಮೇಲೆ ಕೆಳಗೆ ಬಂಕ್, ಒಂದು ಪುಟ್ಟ ಬಚ್ಚಲು, ಅಷ್ಟೆ. ಬರೀ "ಪಸ್ಸಾಜ್ಜೊ ಪೋಂತೆ" ಟಿಕೆಟ್ ತಗೊಂಡ್ರೆ ಕೂರೋಕೆ ಜಾಗ ನೀವೇ ಹುಡುಕ್ಕೋಬೇಕು. ಅದನ್ನ ತಗೊಂಡ ಹುಡುಗ್ರು ಕಾರಿಡಾರಲ್ಲಿ ಚಾಪೆ ಹಾಸಿ ಮಲಗಿರ್ತಾರೆ. ನಿಮ್ಮ ಅಮ್ಮನ್ನ ಹಾಗೆ ಮಲಗಿಸೋಕಾಗಲ್ಲ ಅಲ್ವಾ.

ಲೆಕ್ಕ ಪಕ್ಕಾ:
ಎಲ್ಲರೂ ಹಡಗು ಹಡಗು ಅಂತ ಕುಣೀತಿದ್ದೀರಿ, ಸ್ವಲ್ಪ ಪೆನ್ನು ಪೇಪರು ತಗೊಳ್ಳಿ. ಮ್ಯೂನಿಕ್‌ನಿಂದ ಒಲ್ಬಿಯಾಗೆ ಬೇಸಿಗೆಯಲ್ಲಿ ನೇರ ವಿಮಾನ ಇದೆ, ಒಂದೂವರೆ ಗಂಟೆ. ನಿಮ್ಮ ದಾರಿಯಲ್ಲಿ ಆಸ್ಟ್ರಿಯಾಗೆ ವಿನ್ಯೆಟ್ ಅಂದ್ರೆ ಹೆದ್ದಾರಿ ಬಳಸೋಕೆ ಮುಂಗಡ ಕಟ್ಟೋ ಶುಲ್ಕ, ಅದರ ಮೇಲೆ ಬ್ರೆನ್ನರ್‌ಗೆ ಪ್ರತ್ಯೇಕ ಟೋಲ್, ಆಮೇಲೆ ಇಟಲಿ ಹೆದ್ದಾರಿಯ ಟೋಲ್, 1400 ಕಿ.ಮೀ.ಗೆ ಡೀಸೆಲ್, ಹಡಗಿನ ಟಿಕೆಟ್, ಕ್ಯಾಬಿನ್. ಬ್ರೆನ್ನರ್ ದಾರಿಯ ಲೂಗ್ ಸೇತುವೆ 2025ರ ಜನವರಿಯಿಂದ ರಿಪೇರಿಗೆ ಅಂತ ಒಂದೇ ಲೇನ್ ಆಗಿದೆ. ಜನ ಜಾಸ್ತಿ ಇರೋ ದಿನ ಮಾತ್ರ ಎರಡು ಬಿಡ್ತಾರೆ. ಅಲ್ಲಿ ಸಿಕ್ಕಿಹಾಕ್ಕೊಂಡು ಹಡಗು ತಪ್ಪಿಸ್ಕೊಂಡ್ರೆ? ವಿಮಾನದಲ್ಲಿ ಹೋಗಿ, ಅಲ್ಲೇ ಕಾರು ಬಾಡಿಗೆಗೆ ತಗೊಳ್ಳಿ ಗುರು.

ಟೊರಿನೊ ಕನ್ನಡತಿ:
ನೀವಿಬ್ಬರೇ, ಐದು ದಿನಕ್ಕೆ ಹೋಗೋದಾದ್ರೆ ನಿಮ್ಮ ಲೆಕ್ಕ ಖಂಡಿತ ಸರಿ. ಇಲ್ಲಿ ಐದು ಜನ, ಹನ್ನೆರಡು ದಿನ. ಏಳು ಸೀಟಿನ ಬಾಡಿಗೆ ಕಾರು, ಮಗುವಿನ ಸೀಟಿಗೆ ಬೇರೆ ದುಡ್ಡು, ಕ್ರೆಡಿಟ್ ಕಾರ್ಡ್ ಮೇಲೆ ಡಿಪಾಸಿಟ್, ಬಾಗಿಲಿನ ಗೀರಿಗೆಲ್ಲ ವಾಗ್ವಾದ, ಐದು ವಿಮಾನದ ಟಿಕೆಟ್, ಬ್ಯಾಗಿಗೆ ಪ್ರತ್ಯೇಕ. ಇದನ್ನೂ ನಿಮ್ಮ ಪೇಪರ್‌ನಲ್ಲಿ ಬರ್ಕೊಳ್ಳಿ. ಹಡಗಲ್ಲಿ ಕಾರಿನ ಒಳಗೆ ಏನಿದೆ ಅಂತ ಯಾರೂ ತೂಕ ಹಾಕಲ್ಲ. ಕುಕ್ಕರ್ ಇಟ್ಕೊಂಡು ಹೋಗಿ, ಅಕ್ಕಿ ಮೂಟೆ ಇಟ್ಕೊಂಡು ಹೋಗಿ.

ಲೆಕ್ಕ ಪಕ್ಕಾ:
ರಜೆಗೆ ಹೋಗಿ ಕುಕ್ಕರ್ ಕೂಗಿಸೋದಾದ್ರೆ ಮ್ಯೂನಿಕ್ ಏನು ಕೆಟ್ಟದಾಗಿತ್ತು?

ಇಸಾರ್ ದಂಡೆ:
ಸಾರ್, ನಮ್ಮಮ್ಮ ಮೂರನೇ ದಿನಕ್ಕೆ ಅನ್ನ ಸಾರು ಕೇಳ್ತಾರೆ. ಹಾಗಾಗಿ ಕುಕ್ಕರ್ ಬರೋದು ಖಾಯಂ. ಟಿಕೆಟ್ ಬೆಲೆ ಬಗ್ಗೆ ಯಾರಾದ್ರೂ ಹೇಳ್ತೀರಾ? ಒಂದೇ ಹಡಗು, ಒಂದು ದಿನ ಒಂದು ಬೆಲೆ, ಮರುದಿನ ದುಪ್ಪಟ್ಟು ತೋರಿಸುತ್ತೆ. ಯಾವುದನ್ನ ನಂಬೋದು?

ರೈನ್ ತೀರದ ರಾಯರು:
ಎರಡನ್ನೂ ನಂಬಿ. ವಿಮಾನದ ಟಿಕೆಟ್ಟಿನ ಥರಾನೇ ಇದೂ ಏರಿಳಿಯುತ್ತೆ. ಆಗಸ್ಟ್ 15ರ ಆಸುಪಾಸು ಇಡೀ ಇಟಲಿ ರಜೆಯಲ್ಲಿರುತ್ತೆ, ಆಗ ಕೇಳಲೇಬೇಡಿ. ಜೂನ್ ಮೊದಲ ಭಾಗದಲ್ಲಿ ವಾರದ ನಡುವಿನ ದಿನ ಹಿಡಿದ್ರೆ ಎಷ್ಟೋ ವಾಸಿ.

ಎರಡು ವಿಷಯ ಗಮನಿಸಿ. ಬುಕ್ ಮಾಡುವಾಗ ಸಾರ್ಡಿನಿಯಾ ನಿವಾಸಿಗಳಿಗೆ, ಅಲ್ಲೇ ಹುಟ್ಟಿದವರಿಗೆ ಅಂತ ಒಂದು ದರ ಇರುತ್ತೆ. ಕಡಿಮೆ ಕಾಣುತ್ತೆ ಅಂತ ಅದನ್ನ ಒತ್ತಿದ್ರೆ ಬಂದರಿನಲ್ಲಿ ಗುರುತಿನ ಚೀಟಿ ಕೇಳಿ ವ್ಯತ್ಯಾಸದ ದುಡ್ಡು ವಸೂಲಿ ಮಾಡ್ತಾರೆ. ಇನ್ನೊಂದು ಕಾರಿನ ಅಳತೆ. ಉದ್ದ, ಎತ್ತರ ಕೇಳಿದಾಗ ಮೇಲಿನ ಪೆಟ್ಟಿಗೆ, ಹಿಂದಿನ ಸೈಕಲ್ ಸ್ಟ್ಯಾಂಡ್ ಎಲ್ಲಾ ಸೇರಿಸಿ ಹೇಳ್ಬೇಕು. ಆರ್‌ಸಿ ನೋಡಿ ಹೇಳಬೇಡಿ, ಟೇಪು ಹಿಡಿದು ಅಳೀರಿ. ಎತ್ತರದ ಗಾಡಿಗಳನ್ನ ನಿಲ್ಲಿಸೋ ಡೆಕ್ಕೇ ಬೇರೆ, ತಗ್ಗು ಸೂರಿನ ಡೆಕ್ಕಿಗೆ ನಿಮ್ಮ ಪೆಟ್ಟಿಗೆ ಹಿಡಿಸಲ್ಲ. ಗ್ಯಾಸ್ ಕಾರಾದ್ರೆ ಅದನ್ನೂ ಮೊದಲೇ ತಿಳಿಸಬೇಕು.

ಈಚೆಗೆ ಬೆಲೆ ಏರಿರೋದಕ್ಕೆ ಇನ್ನೊಂದು ಕಾರಣ ಇದೆ. 2024ರಿಂದ ಯುರೋಪಿಯನ್ ಒಕ್ಕೂಟ ಹಡಗಿನ ಹೊಗೆಗೂ ಕಾರ್ಬನ್ ಶುಲ್ಕ ಹಾಕಿದೆ. ಮೊದಲ ವರ್ಷದ ಹೊಗೆಯಲ್ಲಿ ನೂರಕ್ಕೆ 40 ಪಾಲಿಗೆ, 2025ರದ್ದಕ್ಕೆ 70 ಪಾಲಿಗೆ, 2026ರಿಂದ ಪೂರ್ತಿ ನೂರಕ್ಕೆ. ಕಂಪನಿಗಳು ಅದನ್ನ ಟಿಕೆಟ್‌ಗೆ ಸೇರಿಸ್ತವೆ. ಎರಡು ಲಕ್ಷಕ್ಕಿಂತ ಕಡಿಮೆ ಜನ ಇರೋ ದ್ವೀಪಗಳಿಗೆ ಹೋಗೋ ಪ್ರಯಾಣಿಕರ ಹಡಗಿಗೆ 2030ರ ಕೊನೆವರೆಗೆ ವಿನಾಯಿತಿ ಇದೆ, ಅಂದ್ರೆ ಇಟಲಿಯದೇ ಪುಟ್ಟ ದ್ವೀಪ ಎಲ್ಬಾ ಪಾರು. ಸಾರ್ಡಿನಿಯಾ ದೊಡ್ಡದು, ಅದಕ್ಕಿಲ್ಲ.

ಹುಬ್ಬಳ್ಳಿ ಗಿರ್ಮಿಟ್:
ನಾವು ಹ್ವಾದ ವರ್ಷ ಹೋಗಿದ್ವಿರಿ, ಇದ ಲಿವೊರ್ನೊದಿಂದ. ಸಮುದ್ರದ್ದು ಚಿಂತೀನ ಬ್ಯಾಡ್ರಿ. ಕಷ್ಟ ಅಂದ್ರ ಬಂದರಿನಾಗ. ಗಾಡಿ ಇದ್ದವ್ರು ಒಂದೂವರಿ ಎರಡ ತಾಸ ಮೊದಲ ಬರ್ರಿ ಅಂತಾರ. ಹೋಗಿ ನಿಂತ್ರ ಡಾಂಬರಿನ ಬಯಲು, ನೆರಳು ಇಲ್ಲ, ಸಾಲ ಮ್ಯಾಲ ಸಾಲ ಗಾಡಿ. ಕಾಗದದ ಚೀಟಿ ಕೊಡ್ತಾರ, ಕಾಜಿನ ಒಳಗ ಇಡಬೇಕು. ಯಾವ ಸಾಲ ಯಾವಾಗ ಸರೀತೈತಿ ಅಂತ ದೇವ್ರಿಗೇ ಗೊತ್ತು. ಹಿಂದ ಬಂದಾವ ನಿಮಗಿಂತ ಮೊದಲ ಒಳಗ ಹೊಕ್ಕಿರ್ತಾನ. ಜಗಳಾಡಬ್ಯಾಡ್ರಿ, ಗಾಡಿ ಉದ್ದ, ಎತ್ತರ, ಎಲ್ಲಿ ಇಳಿಯೋದು ನೋಡಿ ಅವ್ರು ಕರೀತಾರ.

ಹತ್ತೋದು ಮಾತ್ರ ನೋಡೂ ಹಂಗ ಐತಿ. ಹಡಗದ ಹಿಂದಿನ ಬಾಯಿ ತೆರದಿರ್ತೈತಿ, ಕಬ್ಬಿಣದ ರ‍್ಯಾಂಪ್ ಮ್ಯಾಲ ಗಾಲಿ ಏರಿದ ಕೂಡ್ಲೇ ಧಡ್ ಧಡ್ ಸಪ್ಪಳ. ಒಳಗ ಡೀಸೆಲ್ ವಾಸನಿ, ಫ್ಯಾನಿನ ಗದ್ದಲ, ಸರಪಳಿ ಎಳ್ಯೂ ಸದ್ದು. ಕೇಸರಿ ಜಾಕೀಟ ಹಾಕ್ಕೊಂಡಾಂವ ಒಬ್ಬಾಂವ ಎದುರ ನಿಂತ "ಅವಾಂತಿ, ಅವಾಂತಿ", ಅಂದ್ರ ಮುಂದ ಬರ್ರಿ, ಅಂತ ಕೈ ಬೀಸ್ತಾನ. ಕಡೀಗೆ ಬಾನೆಟ್ ಮ್ಯಾಲ ಒಂದ ಏಟು ಬಡದ, ಸಾಕು ಅಂದ. ಇಳದ ನೋಡಿದ್ರ ಮುಂದಿನ ಗಾಡಿಗೂ ನಮ್ಮದಕ್ಕೂ ನಡುವ ಅಂಗೈಯಷ್ಟ ಜಾಗ. ಕನ್ನಡಿ ಮಡಚಿ, ಹೊಟ್ಟಿ ಒಳಗ ಎಳಕೊಂಡ ಹೊರಗ ಬಂದ್ವಿ. ನಮ್ಮ ಮಾವ್ನೋರು ಆ ಕಡಿ ಬಾಗಲ ತಗ್ಯಾಕ ಆಗದ ನಡುವಿನ ಸೀಟ್ ದಾಟಿ ಈ ಕಡಿಗೆ ಬರಬೇಕಾತು.

ಅದಕ್ಕ ಹೇಳ್ತೀನಿ, ಹಿರ‍್ಯಾರನ್ನ ಗಾಡಿ ಒತ್ತರಿಸೋಕಿಂತ ಮೊದಲ ಇಳಸ್ರಿ, ಆ ಜಾಕೀಟಿನವ್ರಿಗೆ ಕೈಸನ್ನಿ ಮಾಡಿದ್ರ ತಡದ ನಿಲ್ತಾರ. ರಾತ್ರಿಗೆ ಬೇಕಾದ ಬಟ್ಟಿ, ಗುಳಿಗಿ, ಹಲ್ಲಿನ ಬ್ರಷ್ ಎಲ್ಲಾ ಒಂದ ಸಣ್ಣ ಚೀಲದಾಗ ಇಟ್ಕೊಳ್ರಿ. ಹಡಗ ಬಿಟ್ಟ ಮ್ಯಾಲ ಗಾಡಿ ಹತ್ರ ಬಿಡಂಗಿಲ್ಲ. ಡೆಕ್ ನಂಬರ್, ಮೆಟ್ಟಲದ ನಂಬರ್ ಫೋನಿನಾಗ ಫೋಟೋ ತಕ್ಕೊಂಡ ಬಿಡ್ರಿ.

ಸಾಗರದ ಸೊಸೆ:
ಹುಬ್ಬಳ್ಳಿಯವರು ಬರೆದದ್ದು ಓದಿ ಸಿಗಂದೂರು ಲಾಂಚ್ ನೆನಪಾಯ್ತು. ಅಂಬಾರಗೋಡ್ಲಿನಲ್ಲಿ ಬಸ್ಸು, ಜೀಪು, ಬೈಕು ಎಲ್ಲ ಒಟ್ಟಿಗೆ ತುಂಬಿ ಶರಾವತಿ ಹಿನ್ನೀರು ದಾಟಿಸ್ತಿದ್ರು. 2025ರ ಜುಲೈಯಲ್ಲಿ ಸೇತುವೆ ಬಂದ ಮೇಲೆ ಆ ಕಾಯೋ ಪಾಡು ತಪ್ತು. ನಿಮ್ಮ ಅಪ್ಪನವರು ಆ ಲಾಂಚ್ ಹತ್ತಿದ್ದಾರಾ ಕೇಳಿ. ಹತ್ತಿದ್ರೆ, ಕಾರು ನೀರಿನ ಮೇಲೆ ಹೋಗೋದು ಅವರಿಗೆ ಹೊಸದಲ್ಲ ಅಂತ ನೆನಪು ಮಾಡ್ಕೊಡಿ.

ಇಸಾರ್ ದಂಡೆ:
ಹತ್ತಿದ್ದಾರಂತೆ ಅಕ್ಕ! ಆದ್ರೆ "ಅದು ಹೊಳೆ, ಇದು ಸಮುದ್ರ" ಅಂದ್ರು. ಈಗ ಹೊಸ ಪ್ರಶ್ನೆ ಬೇರೆ ಹಾಕಿದ್ದಾರೆ: ಅಷ್ಟು ಕಾರು ಲಾರಿ ತುಂಬಿದ ಹಡಗು ಮಗುಚೋದಿಲ್ಲ ಅಂತ ಏನು ಗ್ಯಾರಂಟಿ?

ಪಣಂಬೂರು ಕಡಲು:
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನನ್ನದು ಹಡಗಿನ ಎಂಜಿನ್ ರೂಮಿನ ಕೆಲಸ. ಮೆಡಿಟರೇನಿಯನ್‌ನಲ್ಲಿ ಇಂತಹ ಹಡಗುಗಳಲ್ಲೂ ದುಡಿದದ್ದುಂಟು.

ನಿಮ್ಮ ತಂದೆಯವರ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ ಮಾರಾಯ್ರೆ. ಸರಕು ಹಡಗಿನ ಒಳಗೆ ಅಡ್ಡಗೋಡೆಗಳು ಇರುತ್ತವೆ, ಒಂದು ಕಡೆ ನೀರು ನುಗ್ಗಿದರೆ ಅಲ್ಲೇ ನಿಲ್ಲುತ್ತದೆ. ಕಾರು ಹಡಗಿನ ಡೆಕ್ಕು ಆಚೆಯಿಂದ ಈಚೆವರೆಗೆ ಬಯಲು, ಇಲ್ಲದಿದ್ದರೆ ಗಾಡಿ ಓಡಿಸುವುದು ಹೇಗೆ? ಆ ಬಯಲಿಗೆ ನೀರು ಬಂದರೆ ಹಡಗು ವಾಲಿದ ಕಡೆಗೇ ಅಷ್ಟೂ ನೀರು ಓಡುತ್ತದೆ, ವಾಲಿದ್ದು ಇನ್ನೂ ವಾಲುತ್ತದೆ. 1987ರ ಮಾರ್ಚ್‌ನಲ್ಲಿ ಬೆಲ್ಜಿಯಮ್ಮಿನ ಝೀಬ್ರೂಗ ಬಂದರಿನಿಂದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಹಡಗು ಮುಂದಿನ ಬಾಗಿಲು ಮುಚ್ಚದೆ ಹೊರಟು, ನಿಮಿಷಗಳಲ್ಲಿ ಮಗುಚಿ 193 ಜನ ಸತ್ತರು. ನಿಯಮಗಳೆಲ್ಲ ಬಿಗಿಯಾದದ್ದು ಆ ಮೇಲೆ. ಈಗ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಕ್ಯಾಪ್ಟನ್ ಇರುವಲ್ಲಿಯೇ ದೀಪ ತೋರಿಸುತ್ತದೆ. ಕಾರು ಡೆಕ್ಕಿನಲ್ಲಿ ಹೊಗೆ ಪತ್ತೆ ಮಾಡುವ ಸಾಧನ, ಮೇಲಿನಿಂದ ನೀರು ಸುರಿಸುವ ವ್ಯವಸ್ಥೆ ಉಂಟು. ಪ್ರಯಾಣಿಕರನ್ನು ಅಲ್ಲಿಗೆ ಬಿಡದೆ ಬೀಗ ಹಾಕುವುದು ಸುಮ್ಮನೆ ಅಲ್ಲ.

ಲಿವೊರ್ನೊದ ಹೆಸರು ಹೇಳಿದರೆ ನಮ್ಮ ಕಸುಬಿನವರಿಗೆ ಇನ್ನೊಂದು ನೆನಪು ಬರುತ್ತದೆ. 1991ರ ಏಪ್ರಿಲ್ 10ರ ರಾತ್ರಿ ಒಲ್ಬಿಯಾಕ್ಕೆ ಹೊರಟ ಮೋಬಿ ಪ್ರಿನ್ಸ್, ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದ ಆಜಿಪ್ ಅಬ್ರೂತ್ಸೊ ಎಂಬ ಎಣ್ಣೆ ಹಡಗಿಗೆ ಬಡಿದು ಬೆಂಕಿ ಹತ್ತಿತು. 140 ಜನ ಹೋದರು, ಬದುಕಿದ್ದು ಒಬ್ಬನೇ. ಬಂದರಿನಲ್ಲಿ ಅವರ ಹೆಸರಿನ ಫಲಕ ಉಂಟು. ಹೆದರಿಸಲಿಕ್ಕೆ ಹೇಳಿದ್ದಲ್ಲ. ಹಡಗು ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿ, ಸೇರುವ ಜಾಗ ಎಲ್ಲಿ ಎಂದು ಗೋಡೆಯ ನಕ್ಷೆ ನೋಡುವವರು ಹತ್ತರಲ್ಲಿ ಒಬ್ಬರೂ ಇಲ್ಲ, ಅದಕ್ಕೆ ಹೇಳಿದೆ. ಎರಡು ನಿಮಿಷದ ಕೆಲಸ.

ಇನ್ನು ಕಾರು ಅಲ್ಲಾಡುವುದು. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ, ಕಾರು ಎಲ್ಲೂ ಹೋಗುವುದಿಲ್ಲ. ಲಾರಿಗಳನ್ನು ಸರಪಳಿಯಿಂದ ಡೆಕ್ಕಿಗೆ ಬಿಗಿಯುತ್ತಾರೆ. ಕಳ್ಳರ ಅಲಾರ್ಮ್ ಮಾತ್ರ ಬಂದ್ ಮಾಡಿ, ಹಡಗು ಸ್ವಲ್ಪ ಓಲಾಡಿದರೂ ಅದು ಬೊಬ್ಬೆ ಹಾಕುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ. ಬೆಳಿಗ್ಗೆ ನಿಮ್ಮ ಕಾರು ಸ್ಟಾರ್ಟ್ ಆಗದಿದ್ದರೆ ಹಿಂದಿನ ನಲವತ್ತು ಕಾರಿನವರು ಹಾರ್ನ್ ಹೊಡೆಯುತ್ತಾರೆ.

ಹುಬ್ಬಳ್ಳಿ ಗಿರ್ಮಿಟ್:
ಪಣಂಬೂರಿನವರ, ವಾಂತಿದು ಹೇಳ್ರಿ. ನಮ್ಮ ಮನಿಯಾಕಿಗೆ ಬಸ್ಸಿನಾಗ ಕುಂತ್ರನ ಆಗ್ತಿತ್ತು, ಹಡಗದಾಗ ಏನೂ ಆಗಲಿಲ್ಲ. ಅದ್ಹೆಂಗ?

ಪಣಂಬೂರು ಕಡಲು:
ದೊಡ್ಡ ಹಡಗು ಅಂತ. ಈ ದಾರಿಯಲ್ಲಿ 2023ರಿಂದ ಓಡುವ ಮೋಬಿ ಫ್ಯಾಂಟಸಿ 237 ಮೀಟರ್ ಉದ್ದ, ಚೀನಾದ ಗ್ವಾಂಗ್‌ಝೌನಲ್ಲಿ ಕಟ್ಟಿದ್ದು. ಬಹಳಷ್ಟು ಹಡಗುಗಳಿಗೆ ನೀರಿನ ಅಡಿಯಲ್ಲಿ ಇಬ್ಬದಿಗೂ ರೆಕ್ಕೆ ಇರುತ್ತದೆ. ಓಡುವಾಗ ಅದನ್ನು ಹೊರಚಾಚಿದರೆ ಎಡಬಲ ಓಲಾಟ ತಗ್ಗುತ್ತದೆ. ಮೂತಿ ಮೇಲೆದ್ದು ಕೆಳಗೆ ಬೀಳುವುದನ್ನು ಅದು ತಡೆಯುವುದಿಲ್ಲ. ಆದ್ದರಿಂದ ಕ್ಯಾಬಿನ್ ಆರಿಸಲಿಕ್ಕೆ ಅವಕಾಶ ಇದ್ದರೆ ಹಡಗಿನ ನಡುಭಾಗ, ಕೆಳಗಿನ ಡೆಕ್ಕು. ಕಿಟಕಿಯ ಆಸೆಗೆ ತುದಿಯದ್ದು ತೆಗೆದುಕೊಳ್ಳಬೇಡಿ.

ಜೂನ್‌ನಲ್ಲಿ ಕಡಲು ಸಾಮಾನ್ಯವಾಗಿ ಸಮಾಧಾನ. ಅಲ್ಲಿ ಕಾಟ ಕೊಡುವುದು ಮಯೆಸ್ತ್ರಾಲೆ ಎಂಬ ವಾಯವ್ಯದ ಗಾಳಿ. ನಿಮ್ಮ ದಾರಿ ಕಾರ್ಸಿಕಾದ ಪೂರ್ವಕ್ಕೆ, ದ್ವೀಪದ ಬೆಟ್ಟವೇ ಅಡ್ಡ ನಿಲ್ಲುವುದರಿಂದ ಬಹುಪಾಲು ಮರೆ ಉಂಟು. ಕಾರ್ಸಿಕಾ ಮುಗಿದು ಬೊನಿಫಾಚೊ ಜಲಸಂಧಿಯ ಬಾಯಿಗೆ ಬಂದಾಗ ಗಾಳಿ ಇದ್ದರೆ ಗೊತ್ತಾಗುತ್ತದೆ.

ರಾತ್ರಿ ಹಡಗು ಹಗಲಿಗಿಂತ ನಿಧಾನ ಯಾಕೆ ಎಂದು ಕೇಳುವವರಿದ್ದಾರೆ. ವೇಗ ಸ್ವಲ್ಪ ಏರಿದರೆ ಎಣ್ಣೆ ವಿಪರೀತ ಏರುತ್ತದೆ. ನಸುಕಿನ ಮೂರಕ್ಕೆ ನಿಮ್ಮನ್ನು ಇಳಿಸಿ ಪ್ರಯೋಜನವೂ ಇಲ್ಲ, ಆದ್ದರಿಂದ ಎಂಜಿನ್ನಿಗೆ ಆರಾಮ.

ಡಾ. ಅಮ್ಮಣ್ಣಿ:
ಅಪ್ಪನವರಿಗೆ ವಾಂತಿ ತಡೆಯೋ ಅವೊಮಿನ್ ಮಾತ್ರೆ ಕೊಡೋದಾದ್ರೆ ಹಡಗು ಹೊರಡೋಕೆ ಮುಂಚೆ ಕೊಡಿ, ವಾಂತಿ ಶುರುವಾದ ಮೇಲೆ ಕೊಟ್ಟು ಉಪಯೋಗ ಕಡಿಮೆ. ಬಿಪಿ ಮಾತ್ರೆ ಜೊತೆ ಹೊಂದುತ್ತಾ ಅಂತ ಅವರ ಡಾಕ್ಟರನ್ನ ಮೊದಲು ಕೇಳಿ, ವಯಸ್ಸಾದವರಿಗೆ ಅದು ಮಂಪರು ತರುತ್ತೆ. ಮತ್ತೆ, ಗಾಡಿ ಓಡಿಸೋರು ಅದನ್ನ ತಗೋಬಾರದು.

ಝೂರಿಕ್‌ನ ಜವಾರಿ:
ಸ್ವಿಟ್ಜರ್ಲೆಂಡ್, ಸ್ಟುಟ್‌ಗಾರ್ಟ್ ಕಡೆಯವರು ಇದನ್ನ ಓದ್ತಿದ್ರೆ: ನಿಮಗೆ ಜಿನೋವಾ ಹತ್ತಿರ. ಸ್ವಿಸ್ ವಿನ್ಯೆಟ್ ವರ್ಷಕ್ಕೆ 40 ಫ್ರಾಂಕ್, ಹತ್ತು ದಿನದ್ದು ಅಂತ ಇಲ್ಲ. ಗಾಟ್‌ಹಾರ್ಡ್ ಸುರಂಗದ ಬಾಯಲ್ಲಿ ಶನಿವಾರ ನಿಲ್ಲೋದಕ್ಕಿಂತ ಸಾನ್ ಬೆರ್ನಾರ್ದಿನೊ ದಾರಿಯಲ್ಲಿ ಹೋಗಿ. ಜಿನೋವಾದಿಂದ ಪೋರ್ತೊ ತೊರ್ರೆಸ್‌ಗೆ ರಾತ್ರಿಯಿಡೀ ಪ್ರಯಾಣ, ದ್ವೀಪದ ವಾಯವ್ಯ ಮೂಲೆಯಲ್ಲಿ ಇಳೀತೀರಿ. ಆಲ್ಗೆರೊ, ಸ್ತಿಂತಿನೊ ಕಡೆ ಮನೆ ಹಿಡಿದವರಿಗೆ ಅದು ಸರಿ.

ಸ್ತಿಂತಿನೊದ ಲಾ ಪೆಲೋಸಾ ಬೀಚಿಗೆ ಹೋಗೋರು ಮೊದಲೇ ಆನ್‌ಲೈನ್ ಬುಕ್ ಮಾಡ್ಬೇಕು. ಸೀಸನ್‌ನಲ್ಲಿ ದಿನಕ್ಕೆ 1500 ಜನ, ತಲೆಗೆ 3.50 ಯೂರೊ. ಟವೆಲ್ ಕೆಳಗೆ ಚಾಪೆ ಹಾಸದೆ ಕೂತ್ರೆ ದಂಡ, ಒದ್ದೆ ಟವೆಲ್‌ಗೆ ಅಂಟಿಕೊಂಡು ಮರಳು ಹೋಗಿಬಿಡುತ್ತಂತೆ. ಯಾವ ಬೀಚಿನಿಂದಲೂ ಮರಳು, ಕಲ್ಲು, ಚಿಪ್ಪು ತರಬಾರದು. 2017ರ ಕಾಯಿದೆ ಪ್ರಕಾರ ದಂಡ 500ರಿಂದ 3000 ಯೂರೊ. ವಾಪಸ್ ಹಡಗು ಹತ್ತೋ ಮುಂಚೆ ಬಂದರಿನಲ್ಲಿ ಕಾರು ತಪಾಸಣೆ ಮಾಡೋದುಂಟು. ಮಕ್ಕಳ ಜೇಬು, ಆಟದ ಬಕೆಟ್ ಒಮ್ಮೆ ಕೊಡವಿ.

ಇಸಾರ್ ದಂಡೆ:
ಮಗಳ ಬಕೆಟ್ ವಿಷಯ ಹೇಳಿದ್ದು ಒಳ್ಳೇದಾಯ್ತು. ಇನ್ನೊಂದು ಸಂಶಯ. ಅಪ್ಪ ಅಮ್ಮಂದು ಒಂದೇ ಸಲ ಪ್ರವೇಶದ ಶೆಂಗೆನ್ ವೀಸಾ. ಸಮುದ್ರಕ್ಕೆ ಇಳಿದು ಮತ್ತೆ ಬಂದ್ರೆ ಎರಡನೇ ಪ್ರವೇಶ ಅಂತ ಲೆಕ್ಕ ಆಗುತ್ತಾ?

ಟೊರಿನೊ ಕನ್ನಡತಿ:
ಇಲ್ಲ. ಲಿವೊರ್ನೊ, ಒಲ್ಬಿಯಾ ಎರಡೂ ಇಟಲಿ, ಒಂದೇ ದೇಶದೊಳಗಿನ ಪ್ರಯಾಣ. ಸೀಲು ಗೀಲು ಏನೂ ಇರಲ್ಲ. ಕಾರ್ಸಿಕಾಗೆ ಹೋದ್ರೂ ಅದು ಫ್ರಾನ್ಸ್, ಶೆಂಗೆನ್ ಒಳಗೇ. ಜಿನೋವಾ, ಚಿವಿತಾವೆಕ್ಕಿಯಾದಿಂದ ಟ್ಯುನೀಸಿಯಾಗೆ ಹೋಗೋ ಹಡಗು ಹತ್ತಿದ್ರೆ ಮಾತ್ರ ಹೊರಗೆ ಹೋದ ಹಾಗೆ. ಆದ್ರೆ ಪಾಸ್‌ಪೋರ್ಟ್, ನಿಮ್ಮ ರೆಸಿಡೆನ್ಸ್ ಕಾರ್ಡ್ ಮೂಲಪ್ರತಿಗಳೇ ಜೊತೇಲಿರಲಿ. ಹಡಗು ಹತ್ತುವಾಗ ಹೆಸರು ಹೋಲಿಸಿ ನೋಡ್ತಾರೆ. ನಮ್ಮವರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರೋದು, ಅಪ್ಪನ ಹೆಸರು ಇರೋದು ಎಲ್ಲಾ ಗೊತ್ತಲ್ಲ, ಬುಕ್ ಮಾಡುವಾಗ ಅಲ್ಲಿ ಹೇಗಿದೆಯೋ ಹಾಗೇ ತುಂಬಿ.

ಇನ್ನೊಂದು, ಹಡಗು ದಡ ಬಿಟ್ಟ ಮೇಲೆ ಫೋನು ಉಪಗ್ರಹದ ನೆಟ್‌ವರ್ಕ್ ಹಿಡ್ಕೊಳ್ಳುತ್ತೆ. ಯುರೋಪಿನ ಉಚಿತ ರೋಮಿಂಗ್ ಅದಕ್ಕೆ ಅನ್ವಯ ಆಗಲ್ಲ, ಬಿಲ್ಲು ನೋಡಿದ್ರೆ ಎದೆ ಧಸಕ್ಕೆನ್ನುತ್ತೆ. ಅಪ್ಪ ಅಮ್ಮನ ಫೋನು ಕೂಡ ವಿಮಾನ ಮೋಡ್‌ಗೆ ಹಾಕಿ.

ಕಾಫಿ ಬಟ್ಟಲು:
ಊಟದ ಬಗ್ಗೆ ಯಾರೂ ಮಾತೇ ಆಡ್ತಿಲ್ಲವಲ್ಲ! ಸಸ್ಯಾಹಾರಿಗಳಿಗೆ ಹಡಗಲ್ಲಿ ಏನು ಗತಿ?

ಟೊರಿನೊ ಕನ್ನಡತಿ:
ಟೊಮೆಟೊ ಪಾಸ್ತಾ, ಮಾರ್ಗೆರಿತಾ ಪಿಜ್ಜಾ, ಬೇಯಿಸಿದ ತರಕಾರಿ, ಇಷ್ಟು ಸಿಗುತ್ತೆ. ದುಡ್ಡು ಕೊಟ್ಟಷ್ಟು ರುಚಿ ಇಲ್ಲ. ಡಬ್ಬಿ ಕಟ್ಕೊಂಡು ಹೋಗಿ, ಯಾರೂ ಏನೂ ಅನ್ನಲ್ಲ. ಇಟಲಿಯವರೇ ಮನೆಯಿಂದ ಇಷ್ಟಗಲದ ಫೊಕಾಚಾ ರೊಟ್ಟಿ ತಂದು ಡೆಕ್ ಮೇಲೆ ಹರವಿಕೊಂಡು ಕೂರ್ತಾರೆ. ಕಾಫಿ ಮಾತ್ರ ಹಡಗಲ್ಲೂ ಚೆನ್ನಾಗಿರುತ್ತೆ.

ದ್ವೀಪದಲ್ಲಿ ಪಾನೆ ಕರಸಾವು ಅಂತ ರೊಟ್ಟಿ ಸಿಗುತ್ತೆ, ಹಪ್ಪಳದ ಹಾಗೆ ತೆಳ್ಳಗೆ, ಗರಿಗರಿ. ಚಟ್ನಿಪುಡಿ, ತುಪ್ಪ ಸವರಿ ತಿನ್ನಿ, ಆಮೇಲೆ ಹೇಳಿ. ಆಲೂಗಡ್ಡೆ, ಪುದಿನ, ಚೀಸ್ ತುಂಬಿದ ಕುಲುರ್ಜೊನೆಸ್ ಅನ್ನೋ ಕಡುಬು ಇದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಪೆಕೊರಿನೊ ಚೀಸ್‌ಗೆ ಹಾಲು ಒಡೆಯೋಕೆ ಸಾಮಾನ್ಯವಾಗಿ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕ್ತಾರೆ. ಅಮ್ಮನಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ನೊಂದ ಪ್ರಯಾಣಿಕ:
ಎಲ್ಲರೂ ಹೊಗಳ್ತಿದ್ದೀರಿ, ನನ್ನದೂ ಕೇಳಿ. ಕಂಪನಿ ಹೆಸರು ಬೇಡ. ರಾತ್ರಿ ಒಂಬತ್ತೂವರೆಗೆ ಹೊರಡಬೇಕಿದ್ದ ಹಡಗು ಬೆಳಗಿನ ಜಾವ ಹೊರಡ್ತು. ಎರಡು ಚಿಕ್ಕ ಮಕ್ಕಳು, ಬಂದರಿನ ಬಯಲಲ್ಲಿ ಕಾರೊಳಗೇ ಕೂತಿದ್ವಿ. ಶೌಚಾಲಯ ಇದ್ದದ್ದು ಒಂದೇ ಕಡೆ, ಅಲ್ಲಿಗೆ ಮಾರುದ್ದ ಸಾಲು. ಒಂದು ಮೆಸೇಜ್ ಇಲ್ಲ, ಒಂದು ಬಾಟಲಿ ನೀರು ಇಲ್ಲ. ಕೌಂಟರಿನವನು ಭುಜ ಕುಣಿಸಿ "ತಾಂತ್ರಿಕ ತೊಂದರೆ" ಅಂದ, ಅಷ್ಟೆ. ವಾಪಸ್ ಬಂದು ಇಮೇಲ್ ಹಾಕಿದ್ರೆ ಮುಂದಿನ ಪ್ರಯಾಣಕ್ಕೆ ರಿಯಾಯಿತಿ ಕೂಪನ್ ಕಳಿಸಿದ್ರು. ಮುಂದಿನ ಪ್ರಯಾಣ ಯಾರಿಗೆ ಬೇಕಿತ್ತು?

ರೈನ್ ತೀರದ ರಾಯರು:
ಕೂಪನ್ ಒಪ್ಕೋಬೇಡಿ, ನಗದಾಗಿಯೇ ಬೇಕು ಅಂತ ಕೇಳೋ ಹಕ್ಕು ನಿಮಗಿದೆ. ಯುರೋಪಿಯನ್ ಒಕ್ಕೂಟದ 2010ರ 1177ನೇ ನಿಯಮ ಹಡಗಿನ ಪ್ರಯಾಣಿಕರಿಗೆ ಅಂತಲೇ ಇದೆ. ನಾಲ್ಕರಿಂದ ಎಂಟು ಗಂಟೆಯ ಪ್ರಯಾಣದಲ್ಲಿ ತಲುಪೋದು ಎರಡು ಗಂಟೆ ತಡವಾದ್ರೆ, ಎಂಟರಿಂದ 24 ಗಂಟೆಯ ಪ್ರಯಾಣದಲ್ಲಿ ಮೂರು ಗಂಟೆ ತಡವಾದ್ರೆ, ಟಿಕೆಟ್ ಬೆಲೆಯ ಕಾಲು ಭಾಗ ಕೊಡ್ಬೇಕು. ತಡ ಅದರ ಎರಡು ಪಟ್ಟು ಮೀರಿದ್ರೆ ಅರ್ಧ. ಹೊರಡೋದೇ ಒಂದೂವರೆ ಗಂಟೆಗಿಂತ ಜಾಸ್ತಿ ತಡ ಅಂತಾದ್ರೆ ಪೂರ್ತಿ ದುಡ್ಡು ವಾಪಸ್ ತಗೊಂಡು ಬೇರೆ ದಾರಿ ನೋಡ್ಕೋಬಹುದು. ತಿಂಡಿ ನೀರು ಕೂಡ ಕೊಡಬೇಕು. ಬಿರುಗಾಳಿಯಿಂದ ತಡವಾದ್ರೆ ಪರಿಹಾರ ಇಲ್ಲ. "ತಾಂತ್ರಿಕ ತೊಂದರೆ" ಅನ್ನೋದು ಬಿರುಗಾಳಿ ಅಲ್ಲ. ದೂರು ಎರಡು ತಿಂಗಳೊಳಗೆ ಹಾಕ್ಬೇಕು. ಬಂದರಿನಲ್ಲಿ ಬೋರ್ಡಿನ ಮೇಲಿನ ಸಮಯದ ಫೋಟೋ ತೆಗೆದಿಟ್ಕೊಂಡ್ರೆ ವಾದ ಮಾಡೋ ಪ್ರಸಂಗ ಬರಲ್ಲ.

ಇಸಾರ್ ದಂಡೆಯವರೇ, ಇದೇ ನಿಯಮದಲ್ಲಿ ನಿಮಗೂ ಒಂದು ಅನುಕೂಲ ಇದೆ. ನಡೆಯೋಕೆ ಕಷ್ಟ ಇರೋರಿಗೆ ಸಹಾಯ ಬೇಕು ಅಂತ 48 ಗಂಟೆ ಮೊದಲು ತಿಳಿಸಿದ್ರೆ ಉಚಿತವಾಗಿ ವ್ಯವಸ್ಥೆ ಮಾಡ್ಬೇಕು. ತಂದೆಯವರ ಕಾರನ್ನ ಲಿಫ್ಟ್ ಪಕ್ಕ ನಿಲ್ಲಿಸಿ ಅಂತ ಆಗಲೇ ಕೇಳ್ಕೊಳ್ಳಿ.

ಲೆಕ್ಕ ಪಕ್ಕಾ:
ನೋಡಿ, ಇದನ್ನೇ ನಾನು ಹೇಳಿದ್ದು. ವಿಮಾನ ತಡವಾದ್ರೆ ಕನಿಷ್ಠ ಎಸಿಯಲ್ಲಿ ಕೂತಿರ್ತೀರಿ. ಹಡಗೇ ಬೇಕು ಅಂದ್ರೆ ಎಲ್ಬಾಗೆ ಹೋಗಿ. ಪಿಯೊಂಬಿನೊದಿಂದ ಒಂದು ಗಂಟೆ, ಪೋರ್ತೊಫೆರ್ರಾಯೊದಲ್ಲಿ ಇಳೀತೀರಿ. ಒಂದು ಹಡಗು ತಪ್ಪಿದ್ರೆ ಇನ್ನೊಂದು. ನೆಪೋಲಿಯನ್ನನ್ನೇ 1814ರಲ್ಲಿ ಅಲ್ಲಿಗೆ ಕಳಿಸಿದ್ರು.

ಕಾಫಿ ಬಟ್ಟಲು:
ಅವನು ಮುಂದಿನ ಫೆಬ್ರವರಿಗೇ ತಪ್ಪಿಸ್ಕೊಂಡು ಬಂದ ಸಾರ್.

ಇಸಾರ್ ದಂಡೆ:
ನಿನ್ನೆ ರಾತ್ರಿ ಇಡೀ ಚರ್ಚೆಯನ್ನ ಅಪ್ಪಂಗೆ ಫೋನಲ್ಲಿ ಓದಿ ಹೇಳಿದೆ. ಪಣಂಬೂರಿನವರು ಬರೆದದ್ದನ್ನ ಎರಡು ಸಲ ಓದಿಸಿದ್ರು. "ಇವರು ಕೆಟ್ಟದ್ದನ್ನೂ ಹೇಳಿದ್ದಾರೆ, ಹಾಗಾದ್ರೆ ನಂಬಬಹುದು" ಅಂದ್ರು. ಬುಕ್ ಮಾಡಿದೆ. ಹೋಗುವಾಗ ಲಿವೊರ್ನೊದಿಂದ ರಾತ್ರಿ ಹಡಗು, ಮಂಗಳವಾರ, ನಡುಭಾಗದಲ್ಲಿ ನಾಲ್ಕು ಬಂಕಿನ ಕ್ಯಾಬಿನ್ ಒಂದು, ಎರಡರದ್ದು ಒಂದು. ಬರುವಾಗ ಹಗಲು, ಅಮ್ಮನಿಗೆ ಸಮುದ್ರ ನೋಡ್ಬೇಕಲ್ಲ. ಪೆಟ್ಟಿಗೆ ಸೇರಿಸಿ ಟೇಪಲ್ಲಿ ಅಳೆದಾಯ್ತು. ಬ್ರೆನ್ನರ್ ಭಯಕ್ಕೆ ಬೆಳಿಗ್ಗೆ ಐದಕ್ಕೇ ಹೊರಡ್ತೀವಿ. ಹಗಲು ಹಡಗಲ್ಲಿ ಯಾವ ಕಡೆ ಕೂತ್ರೆ ಏನಾದ್ರೂ ಕಾಣುತ್ತೆ?

ಪಣಂಬೂರು ಕಡಲು:
ಒಲ್ಬಿಯಾ ಕೊಲ್ಲಿಯಿಂದ ಹೊರಬೀಳುವಾಗ ಬಲಕ್ಕೆ ತಾವೊಲಾರಾ, ನೀರಿನಿಂದ ಎದ್ದ ಸುಣ್ಣಕಲ್ಲಿನ ಬೆಟ್ಟ, 565 ಮೀಟರ್. ಅದನ್ನು ನೋಡಿ ಎಡಕ್ಕೆ ಬಂದರೆ ಕಾರ್ಸಿಕಾದ ಸಾಲು ಬೆಟ್ಟ ತುಂಬ ಹೊತ್ತು ಜೊತೆಗಿರುತ್ತದೆ. ಮಧ್ಯಾಹ್ನದ ಮೇಲೆ ಬಲಕ್ಕೆ ಹೋಗಿ: ಮೊಂತೆಕ್ರಿಸ್ತೊ, ಪಿಯಾನೋಸಾ, ಆಮೇಲೆ ಎಲ್ಬಾ. ಕೊನೆಗೆ ಎಡಕ್ಕೆ ಕಾಪ್ರಾಯಾ, ಲಿವೊರ್ನೊ ಹತ್ತಿರ ಗೊರ್ಗೊನಾ. ಅದು ಈಗಲೂ ಜೈಲು ಇರುವ ದ್ವೀಪ. ಮೇಲಿನ ಡೆಕ್ಕಿನಲ್ಲಿ ಗಾಳಿ ಜೋರು, ತಾಯಿಯವರಿಗೆ ಒಂದು ಶಾಲು ಇರಲಿ.

ಟೊರಿನೊ ಕನ್ನಡತಿ:
ಲಿವೊರ್ನೊದಲ್ಲಿ ಊಟಕ್ಕೆ ಅಂತ ಊರೊಳಗೆ ನುಗ್ಗಬೇಡಿ, ಹಳೇ ಪೇಟೆಯ ಕೆಲವು ಬೀದಿಗಳಿಗೆ ಹೊರಗಿನ ಕಾರು ಬಿಡಲ್ಲ, ಕ್ಯಾಮೆರಾ ಇದೆ, ದಂಡದ ಕಾಗದ ತಿಂಗಳುಗಳ ಮೇಲೆ ಜರ್ಮನಿಗೇ ಬರುತ್ತೆ. ಬಂದರಿನಲ್ಲಿ ಹಡಗುಕಟ್ಟೆ ಒಂದೇ ಅಲ್ಲ, ಕಂಪನಿಗೊಂದು ದ್ವಾರ. ಜಿಪಿಎಸ್‌ಗೆ ಬರೀ "ಲಿವೊರ್ನೊ ಬಂದರು" ಅಂತ ಹಾಕದೆ ಟಿಕೆಟ್‌ನಲ್ಲಿರೋ ವಿಳಾಸವನ್ನೇ ಹಾಕಿ. ಇಳಿದ ಮೇಲೆ ಟೋಲ್ ಚಿಂತೆ ಇಲ್ಲ, ಸಾರ್ಡಿನಿಯಾದಲ್ಲಿ ಟೋಲ್ ರಸ್ತೆನೇ ಇಲ್ಲ.

ಇಸಾರ್ ದಂಡೆ:
ವಿಳಾಸ ಈಗಲೇ ಬರ್ಕೊಂಡೆ ಅಕ್ಕ. ಎಲ್ಲರಿಗೂ ಧನ್ಯವಾದ. ಜೂನ್ ಕೊನೆಗೆ ಇಲ್ಲೇ ಬಂದು ಖರ್ಚಿನ ಲೆಕ್ಕ ಹಾಕ್ತೀನಿ, ಲೆಕ್ಕ ಪಕ್ಕಾ ಸಾರ್ ಪರಿಶೀಲನೆಗೆ.